ಒಂದು ಲಕ್ಷ ಪೌಂಡ್ ಉಳಿಸಿದ ವಾರ

ಮಂಗಳವಾರ ರಾತ್ರಿ ಹನ್ನೊಂದಕ್ಕೆ ನಾನು ಒಬ್ಬ ಆಟಗಾರನನ್ನು ಮಾರಿ ಇನ್ನೊಬ್ಬನನ್ನು ಕೊಂಡೆ. ಪಂದ್ಯ ಇದ್ದದ್ದು ಶನಿವಾರ. ನಡುವೆ ನಾಲ್ಕು ದಿನ ಬಿಡುವಿತ್ತು. ಕಾಯಬಹುದಿತ್ತು. ಕಾಯದಂತೆ ಮಾಡಿದ್ದು ಒಂದು ಲಕ್ಷ ಪೌಂಡ್.

ನಿಜವಾದ ದುಡ್ಡಲ್ಲ, ಗಾಬರಿಯಾಗಬೇಡಿ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಫುಟ್‌ಬಾಲಿನ ಮೇಲೆ ನಡೆಯುವ ಫ್ಯಾಂಟಸಿ ಆಟದ ಮಾತು ಇದು. ಋತುವಿನ ಆರಂಭದಲ್ಲಿ ಪ್ರತಿಯೊಬ್ಬರಿಗೂ 10 ಕೋಟಿ ಪೌಂಡ್ ಕೊಡುತ್ತಾರೆ. ಅದರಲ್ಲಿ 15 ಆಟಗಾರರನ್ನು ಕೊಳ್ಳಬೇಕು: ಇಬ್ಬರು ಗೋಲ್‌ಕೀಪರ್, ಐವರು ಡಿಫೆಂಡರ್, ಐವರು ಮಿಡ್‌ಫೀಲ್ಡರ್, ಮೂವರು ಫಾರ್ವರ್ಡ್. ಒಂದು ಕ್ಲಬ್ಬಿನಿಂದ ಮೂವರಿಗಿಂತ ಹೆಚ್ಚು ಬೇಡ. ನಿಜವಾದ ಪಂದ್ಯಗಳಲ್ಲಿ ಅವರು ಆಡಿದಂತೆ ನಮಗೆ ಅಂಕ. ಆಟದ ಪರದೆಯ ಮೇಲೆ ಬೆಲೆಗಳು ಮಿಲಿಯನ್ನಿನಲ್ಲಿ, 8.0, 7.8 ಎಂದು ಕಾಣುತ್ತವೆ. ನಾನು ಮೊದಲಿನಿಂದಲೂ ಲಕ್ಷದಲ್ಲೇ ಎಣಿಸುತ್ತೇನೆ. 0.1 ಎಂದರೆ ಏನೂ ಅಲ್ಲವೆನ್ನಿಸುತ್ತದೆ, ಒಂದು ಲಕ್ಷ ಎಂದರೆ ಎದೆಗೆ ತಾಗುತ್ತದೆ. ನನ್ನ ಕಾಯಿಲೆ ಶುರುವಾದದ್ದೇ ಈ ಲೆಕ್ಕದಿಂದ ಎಂದು ಅಣ್ಣನ ಮಗಳು ಹೇಳುತ್ತಾಳೆ.

ಬೆಲೆಗಳು ಋತುವಿನುದ್ದಕ್ಕೂ ಏರಿಳಿಯುತ್ತವೆ, ಒಂದೊಂದೇ ಲಕ್ಷದ ಹೆಜ್ಜೆಯಲ್ಲಿ. ಗೋಲು ಹೊಡೆದದ್ದಕ್ಕೆ ಬೆಲೆ ಏರುವುದಿಲ್ಲ, ಗೋಲು ಹೊಡೆದವನನ್ನು ಜನ ಮುಗಿಬಿದ್ದು ಕೊಳ್ಳುವುದರಿಂದ ಏರುತ್ತದೆ. ಒಂದು ಕೋಟಿಗೂ ಹೆಚ್ಚು ತಂಡಗಳಿರುವ ಆಟ, ಹಾಗಾಗಿ ನೂಕುನುಗ್ಗಲು ದೊಡ್ಡದು. ಎಷ್ಟು ಜನ ಕೊಂಡರೆ ಏರುತ್ತದೆ ಎಂಬ ಸೂತ್ರವನ್ನು ಆಟ ನಡೆಸುವವರು ಬಿಟ್ಟುಕೊಡುವುದಿಲ್ಲ. ಅದನ್ನು ಊಹಿಸಿ ಶೇಕಡಾವಾರು ತೋರಿಸುವ ತಾಣಗಳು ಹುಟ್ಟಿಕೊಂಡಿವೆ. ಬದಲಾವಣೆ ಆಗುತ್ತಿದ್ದದ್ದು ಅಲ್ಲಿಯ ರಾತ್ರಿ ಒಂದೂವರೆಯ ಸುಮಾರಿಗೆ. ಚಳಿಗಾಲದಲ್ಲಿ ನಮ್ಮ ಗಡಿಯಾರದಲ್ಲಿ ಅದು ಬೆಳಗ್ಗೆ ಏಳು. ಹಲ್ಲುಜ್ಜುವ ಮುಂಚೆ ಬೆಲೆ ನೋಡುವವನಾಗಿ ನಾನು ಎರಡು ಋತು ಕಳೆದಿದ್ದೆ. ಏರಿದರೆ ನೋಟ್‌ಬುಕ್ಕಿನಲ್ಲಿ ನೀಲಿ ಶಾಯಿ, ಇಳಿದರೆ ಕೆಂಪು.

ಇಷ್ಟೇ ಆಗಿದ್ದರೆ ಇದು ಸುಲಭದ ವ್ಯಾಪಾರ. ತೊಡಕಿರುವುದು ಮಾರುವಾಗ. ಕೊಂಡವನ ಬೆಲೆ ಏರಿದರೆ ಆ ಲಾಭದಲ್ಲಿ ಅರ್ಧ ಮಾತ್ರ ನಮ್ಮದು, ಆ ಅರ್ಧದಲ್ಲೂ ಚಿಲ್ಲರೆ ಉಳಿದರೆ ಅದನ್ನು ಕತ್ತರಿಸುತ್ತಾರೆ. ಒಂದು ಲಕ್ಷ ಏರಿದರೆ ಕೈಗೆ ಸೊನ್ನೆ. ಎರಡು ಏರಿದರೆ ಒಂದು. ಮೂರು ಏರಿದರೂ ಒಂದೇ. ಇಳಿದರೆ ಮಾತ್ರ ಪೂರ್ತಿ ನಷ್ಟ ನಮ್ಮ ತಲೆಗೆ, ಅದರಲ್ಲಿ ಯಾರೂ ಪಾಲು ಕೇಳುವುದಿಲ್ಲ. ಮಾರಿದವನನ್ನು ಮರಳಿ ಕೊಳ್ಳಬೇಕಾದರೆ ಅಂದಿನ ಪೂರ್ತಿ ಬೆಲೆ ತೆರಬೇಕು. 2022-23ರಲ್ಲಿ ಮ್ಯಾಂಚೆಸ್ಟರ್ ಸಿಟಿಯ ಫಾರ್ವರ್ಡ್ ಎರ್ಲಿಂಗ್ ಹಾಲಂಡ್ ಮೊದಲ ಬಾರಿಗೆ ಈ ಆಟಕ್ಕೆ ಬಂದಾಗ ಅವನ ಬೆಲೆ 1 ಕೋಟಿ 15 ಲಕ್ಷ ಇತ್ತು, ಕೆಲವೇ ವಾರಗಳಲ್ಲಿ 1 ಕೋಟಿ 20 ಲಕ್ಷ ದಾಟಿತು. ಮೊದಲ ವಾರವೇ ಕೊಂಡು ಕುಳಿತವರಿಗೂ ನಡುವೆ ಮಾರಿ ಮತ್ತೆ ಹಿಂದೆ ಓಡಿದವರಿಗೂ ಅವನು ಒಂದೇ 36 ಗೋಲು ಹೊಡೆದ. ಖಾತೆಯಲ್ಲಿ ಉಳಿದದ್ದು ಮಾತ್ರ ಬೇರೆ ಬೇರೆ.

ಈಗ ಆ ಮಂಗಳವಾರಕ್ಕೆ ಬರುತ್ತೇನೆ. ಕೆಲವು ವರ್ಷಗಳ ಹಿಂದಿನ ನವೆಂಬರ್. ಒಬ್ಬನನ್ನು ಮಾರಿ ಇನ್ನೊಬ್ಬನನ್ನು ಕೊಳ್ಳುವುದೇ ಟ್ರಾನ್ಸ್‌ಫರ್. ವಾರವಾರ ಸಿಗುವ ಉಚಿತ ಟ್ರಾನ್ಸ್‌ಫರ್‌ಗಳನ್ನು 2ಕ್ಕಿಂತ ಹೆಚ್ಚು ಕೂಡಿಡಲು ಆಗ ಆಗುತ್ತಿರಲಿಲ್ಲ (2024-25ರಿಂದ 5ರ ತನಕ ಕೂಡಿಡಬಹುದು). ನನ್ನ ಬಳಿ ಆ ವಾರಕ್ಕೆ ಉಚಿತವಾಗಿ ಇದ್ದದ್ದು ಒಂದೇ. ಎರಡನೆಯದನ್ನು ಮಾಡಿದರೆ 4 ಅಂಕ ಕಳೆಯುತ್ತಾರೆ.

ತಂಡದಲ್ಲಿ ಒಬ್ಬ ಫಾರ್ವರ್ಡ್ ಇದ್ದ. ಅವನನ್ನು ಹಳಬ ಎಂದು ಕರೆಯುತ್ತೇನೆ. ಹೆಸರು ಹೇಳಿದರೆ ಅವನ ಅಭಿಮಾನಿಗಳು ನನ್ನನ್ನು ಇಂದಿಗೂ ಕ್ಷಮಿಸಲಾರರು. 75 ಲಕ್ಷಕ್ಕೆ ಕೊಂಡಿದ್ದೆ, ಆಗ 78 ಆಗಿದ್ದ. ಮಾರಿದರೆ ಕೈಗೆ 76. ಎರಡು ವಾರ ಗೋಲಿಲ್ಲದೆ ಇದ್ದ, ಅದೇ ಅವನ ಅಪರಾಧ. ಹೊಸಬನ ಬೆಲೆ 80 ಲಕ್ಷ. ಮೂರು ಪಂದ್ಯಗಳಲ್ಲಿ ನಾಲ್ಕು ಗೋಲು, ಮುಂದೆಯೂ ಸುಲಭದ ಎದುರಾಳಿಗಳು. ನನ್ನ ಬ್ಯಾಂಕಿನಲ್ಲಿ, ಅಂದರೆ ಖರ್ಚಾಗದೆ ಉಳಿದ ದುಡ್ಡಿನ ಲೆಕ್ಕದಲ್ಲಿ, 4 ಲಕ್ಷ. 76ಕ್ಕೆ 4 ಸೇರಿಸಿದರೆ ಸರಿಯಾಗಿ 80. ಶೇಕಡಾ ತೋರಿಸುವ ತಾಣದಲ್ಲಿ ಹೊಸಬನ ಮುಂದೆ 101 ಎಂದಿತ್ತು. ಅಂದರೆ ಬೆಳಗಾಗುವಷ್ಟರಲ್ಲಿ 81. ನನ್ನ ಕೈಗೆ ನಿಲುಕದವನಾಗುತ್ತಾನೆ.

ಹೊಸಬ ಬುಧವಾರ ಯುರೋಪಿನ ಟೂರ್ನಿಯಲ್ಲಿ ಆಡಬೇಕಿತ್ತು. ಅದು ನನಗೆ ಗೊತ್ತಿತ್ತು. ವಾರದ ನಡುವೆ ಪಂದ್ಯವಿರುವವನನ್ನು ಆ ಪಂದ್ಯ ಮುಗಿಯುವ ಮುಂಚೆ ಕೊಳ್ಳಬಾರದು ಎಂಬುದು ಈ ಆಟ ಆಡುವವರಿಗೆಲ್ಲ ಗೊತ್ತಿರುವ ಮಾತು, ನಾನೇ ಇತರರಿಗೆ ಹೇಳಿಕೊಟ್ಟ ಮಾತು. 77 ಲಕ್ಷಕ್ಕೆ ಇನ್ನೊಬ್ಬ ಫಾರ್ವರ್ಡ್ ಸಿಗುತ್ತಿದ್ದ. ಶನಿವಾರದ ತನಕ ಕಾದು ಬೇಕಾದರೆ ಅವನನ್ನು ಕೊಳ್ಳಬಹುದಿತ್ತು. ಈಗ ಯೋಚಿಸಿದರೆ ಇಬ್ಬರ ನಡುವೆ ಅಂಥ ವ್ಯತ್ಯಾಸವೇನೂ ಇರಲಿಲ್ಲ. ಆದರೆ ಬೆಲೆ ಏರಲಿರುವವನು ಕಣ್ಣಿಗೆ ಹೆಚ್ಚು ಚೆನ್ನಾಗಿ ಕಾಣುತ್ತಾನೆ. ಏರುತ್ತಿರುವುದೇ ಅವನ ಗುಣವಾಗಿಬಿಡುತ್ತದೆ.

ಬುಧವಾರ ಬೆಳಗ್ಗೆ ಏಳಕ್ಕೆ ನೋಡಿದೆ. 81. ನೋಟ್‌ಬುಕ್ಕಿನಲ್ಲಿ ನೀಲಿ ಶಾಯಿಯಿಂದ ಬರೆದೆ, ಅಡಿಗೆರೆಯನ್ನೂ ಎಳೆದೆ. ಮಾರಿದರೆ ನನಗೆ ಸಿಗುವುದು ಅದೇ 80 ಎಂಬುದು ಆ ಸಂತೋಷಕ್ಕೆ ಅಡ್ಡ ಬರಲಿಲ್ಲ. ಅಂದು ನನ್ನ ತಂಡದ ಒಟ್ಟು ಬೆಲೆ 10 ಕೋಟಿ 24 ಲಕ್ಷ. ಅಣ್ಣನ ಮಗಳ ತಂಡ 9 ಕೋಟಿ 98 ಲಕ್ಷ. ಅವಳು ವಾರಕ್ಕೊಮ್ಮೆ, ತಂಡ ಬದಲಿಸುವ ಗಡುವಿಗೆ ಅರ್ಧ ಗಂಟೆ ಇರುವಾಗ ತಂಡ ತೆರೆಯುವವಳು. ಒಮ್ಮೊಮ್ಮೆ ಅದನ್ನೂ ಮರೆಯುವವಳು. ನಮ್ಮ ಮನೆಯವರ ಮಿನಿ ಲೀಗಿನಲ್ಲಿ ಅವಳು ನನಗಿಂತ 19 ಅಂಕ ಮುಂದಿದ್ದಳು. ಅದನ್ನು ನಾನು ಅದೃಷ್ಟದ ಲೆಕ್ಕಕ್ಕೆ ಬರೆದಿದ್ದೆ.

ಬುಧವಾರದ ಪಂದ್ಯ ನಮಗೆ ನಡುರಾತ್ರಿ ಒಂದೂವರೆಗೆ. ನೋಡಲಿಲ್ಲ, ಮಲಗಿದೆ. ಗುರುವಾರ ಬೆಳಗ್ಗೆ ಬೆಲೆ ನೋಡಲು ಮೊಬೈಲ್ ತೆಗೆದರೆ ಅವಳ ಸಂದೇಶ ಕಾದಿತ್ತು: "ಚಿಕ್ಕಪ್ಪ, ನಿಮ್ಮ ಹೊಸಬ ತೊಡೆ ಹಿಡಿದುಕೊಂಡು ಕುಳಿತಿದ್ದಾನೆ." ಅವಳು ರಾತ್ರಿಯೆಲ್ಲ ಎದ್ದು ಪಂದ್ಯ ನೋಡಿದ್ದಳು. ಅದು ನನಗೆ ಆಗ ಹೊಳೆಯದ ಸಂಗತಿ: ನಾನು ಬೆಲೆ ನೋಡುತ್ತಿದ್ದೆ, ಅವಳು ಫುಟ್‌ಬಾಲ್ ನೋಡುತ್ತಿದ್ದಳು. ಮೊದಲಾರ್ಧ ಮುಗಿಯುವ ಮುಂಚೆಯೇ ತೊಡೆಯ ಹಿಂಬದಿ ಹಿಡಿದುಕೊಂಡು ನೆಲಕ್ಕೆ ಕೂತನಂತೆ. ಹ್ಯಾಮ್‌ಸ್ಟ್ರಿಂಗ್. ಫುಟ್‌ಬಾಲ್ ನೋಡುವವರಿಗೆ ಆ ಪದಕ್ಕೆ ವಿವರಣೆ ಬೇಕಿಲ್ಲ. ವಾರಗಳ ಲೆಕ್ಕ ಅದು, ದಿನಗಳದ್ದಲ್ಲ.

ಶುಕ್ರವಾರ ತರಬೇತುದಾರ ಪತ್ರಕರ್ತರ ಮುಂದೆ ಅದನ್ನೇ ಹೇಳಿದ. ಅಷ್ಟರಲ್ಲಿ ಜನ ಹೊಸಬನನ್ನು ಮಾರತೊಡಗಿದ್ದರು, ಬೆಲೆ ಮರಳಿ 80 ಆಗಿತ್ತು. ವಿಚಿತ್ರವೆಂದರೆ ನನಗೆ ಇನ್ನೂ ಒಂದು ಕಾಸು ನಷ್ಟವಾಗಿರಲಿಲ್ಲ. ನಾನು ಹಿಗ್ಗಿದ ಆ ಒಂದು ಲಕ್ಷ, ಹೀಗೆ ಬಿದ್ದಾಗ ಅಡಿಗೆ ಹಾಸಿದ ಚಾಪೆಯಂತೆ ಒಂದು ದಿನದ ಬಿಡುವು ಕೊಟ್ಟಿತು. ಬೇರೆ ಉಪಯೋಗ ಅದರಿಂದ ಆಗಲಿಲ್ಲ.

ಶನಿವಾರದ ಮೊದಲ ಪಂದ್ಯ ಅಲ್ಲಿಯ ಹನ್ನೆರಡೂವರೆಗೆ. ಗಡುವು ಅದಕ್ಕಿಂತ 90 ನಿಮಿಷ ಮುಂಚೆ, ನಮಗೆ ಸಂಜೆ ನಾಲ್ಕೂವರೆ. ಮಧ್ಯಾಹ್ನ ಪೂರ್ತಿ ನೋಟ್‌ಬುಕ್ ಬಿಡಿಸಿಕೊಂಡು ಕೂತೆ. ಹಳಬ ಇನ್ನೂ 78ರಲ್ಲೇ ಇದ್ದ. ಹೊಸಬನನ್ನು 80ಕ್ಕೆ ಮಾರಿ, 4 ಅಂಕ ತೆತ್ತು, ಹಳಬನನ್ನು ಮರಳಿ ತರಬಹುದಿತ್ತು, ಬ್ಯಾಂಕಿನಲ್ಲಿ 2 ಲಕ್ಷ ಉಳಿಯುತ್ತಿತ್ತು. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ನಾಲ್ಕು ದಿನದ ಹಿಂದೆ 76ಕ್ಕೆ ಬಿಟ್ಟುಕೊಟ್ಟವನನ್ನು 78 ಕೊಟ್ಟು, ಮೇಲೆ ದಂಡ ತೆತ್ತು ಕರೆತರುವುದು ಎಂದರೆ! ಮನಸ್ಸು ಒಪ್ಪಲಿಲ್ಲ. ಅಡಕೆಗೆ ಹೋದ ಮಾನದ ಗಾದೆ ಗೊತ್ತಲ್ಲ, ನಾನು ಅದನ್ನು ಆನೆ ಕೊಟ್ಟಾದರೂ ಉಳಿಸಿಕೊಳ್ಳುವ ಪಣ ತೊಟ್ಟಿದ್ದೆ. ಹೊಸಬ ಆಡದಿದ್ದರೆ ಬೆಂಚಿನಿಂದ ಮೊದಲ ಬದಲಿ ತಾನಾಗಿಯೇ ಬರುತ್ತಾನೆ, ಸಾಕು ಎಂದು ಸಮಾಧಾನ ಹೇಳಿಕೊಂಡೆ.

ಆ ಮೊದಲ ಬದಲಿ ಯಾರು ಎಂಬುದನ್ನೂ ಹೇಳಬೇಕು. 45 ಲಕ್ಷದ ಒಬ್ಬ ಮಿಡ್‌ಫೀಲ್ಡರ್. ಹನ್ನೊಂದು ಜನರ ಮೇಲೆ ದುಡ್ಡು ಸುರಿದು ಬೆಂಚಿನ ನಾಲ್ವರನ್ನು ಕಡಿಮೆ ಬೆಲೆಯವರಿಂದ ತುಂಬಿಸುವುದು ನನ್ನ ಪದ್ಧತಿ, ಬಹಳ ಜನರ ಪದ್ಧತಿಯೂ ಹೌದು. ಅಗ್ಗದವರಲ್ಲಿ ರತ್ನಗಳೂ ಸಿಗುತ್ತವೆ. 2019-20ರಲ್ಲಿ ಶೆಫೀಲ್ಡ್ ಯುನೈಟೆಡ್‌ನ ಜಾನ್ ಲುಂಡ್‌ಸ್ಟ್ರಮ್ 40 ಲಕ್ಷಕ್ಕೆ ಸಿಗುತ್ತಿದ್ದ. ಮೈದಾನದಲ್ಲಿ ಮಿಡ್‌ಫೀಲ್ಡರ್, ಆಟದ ಪಟ್ಟಿಯಲ್ಲಿ ಡಿಫೆಂಡರ್, ಹಾಗಾಗಿ ಎರಡೂ ಕಡೆಯಿಂದ ಅಂಕ. 2023-24ರಲ್ಲಿ ಕೋಲ್ ಪಾಮರ್ 50 ಲಕ್ಷದಿಂದ ಶುರುವಾಗಿ 22 ಗೋಲು ಹೊಡೆದ, ಮರುವರ್ಷ ಅವನ ಬೆಲೆ 1 ಕೋಟಿ 5 ಲಕ್ಷಕ್ಕೆ ಹಾರಿತು. ನನ್ನ 45 ಲಕ್ಷದವನು ಅಂಥ ತಳಿಯವನಲ್ಲ. 88ನೆಯ ನಿಮಿಷದಲ್ಲಿ ಮೈದಾನಕ್ಕೆ ಇಳಿದ, 1 ಅಂಕ ತಂದ.

ಹಳಬ ಅಂದು ಎರಡು ಗೋಲು ಹೊಡೆದ. ಗೋಲಿಗೆ ನಾಲ್ಕರಂತೆ 8, ಅರವತ್ತು ನಿಮಿಷ ದಾಟಿ ಆಡಿದ್ದಕ್ಕೆ 2, ಬೋನಸ್ 3. ಒಟ್ಟು 13. ನಾನು ಏನನ್ನೂ ಮುಟ್ಟದೆ ಸುಮ್ಮನೆ ಕೂತಿದ್ದರೆ ಆ 13 ನನ್ನದು. ದಂಡ ತೆತ್ತು ಕರೆತಂದಿದ್ದರೂ 9. ಜಂಬಕ್ಕೆ ಉಳಿದದ್ದು 1.

ಕಥೆ ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಭಾನುವಾರದಿಂದ ಜನ ಹಳಬನ ಹಿಂದೆ ಬಿದ್ದರು. ಸೋಮವಾರ ಬೆಳಗ್ಗೆ ಅವನು 79, ಹೊಸಬ ಇಳಿದು 79. ಈಗ ಹೊಸಬನನ್ನು ಮಾರಿದರೆ 79, ಹಳಬನಿಗೆ ಬೇಕಾದದ್ದು 79, ಬ್ಯಾಂಕಿನಲ್ಲಿ ಸೊನ್ನೆ. ಇನ್ನೊಂದು ರಾತ್ರಿ ಕಳೆದರೆ ಇವನು 78 ಆಗಬಹುದು, ಅವನು 80 ಆಗಬಹುದು. ಹಿಂದಿನ ವಾರ ಕಾಯದೆ ಇದ್ದದ್ದು ಆತುರ. ಈ ವಾರ ಕಾಯಲು ನಿಜಕ್ಕೂ ದುಡ್ಡಿರಲಿಲ್ಲ. ಸೋಮವಾರ ರಾತ್ರಿಯೇ, ಹೊಸ ವಾರದ ಉಚಿತ ಟ್ರಾನ್ಸ್‌ಫರ್ ಬಳಸಿ, ಹಳಬನನ್ನು ಕೊಂಡೆ. ಪುಣ್ಯಕ್ಕೆ ಆ ವಾರದ ನಡುವೆ ಪಂದ್ಯಗಳಿರಲಿಲ್ಲ. ಅದೇ ಮನುಷ್ಯ, ಅದೇ ಅಂಗಿ, ಪರದೆಯ ಮೇಲೆ ಅದೇ ಜಾಗ. ಬ್ಯಾಂಕಿನ 4 ಲಕ್ಷ ಮಾತ್ರ ಇರಲಿಲ್ಲ.

ಆ ಬಳಿಕ ನನ್ನಲ್ಲಿ ಕೆಲವು ಬದಲಾವಣೆಗಳಾದವು, ಎಲ್ಲವೂ ಅಲ್ಲ. ಬೆಲೆಗೆ ಬೆಲೆಯೇ ಇಲ್ಲ ಎನ್ನುವವರ ಪಂಗಡಕ್ಕೆ ನಾನು ಸೇರಿಲ್ಲ. ಆಗಸ್ಟ್, ಸೆಪ್ಟೆಂಬರ್ ತಿಂಗಳಲ್ಲಿ ಬೆಲೆ ಬೇಗ ಓಡುತ್ತದೆ, ಆಗ ಎರಡು ಮೂರು ಲಕ್ಷ ಕೂಡಿದರೆ ಡಿಸೆಂಬರಿನಲ್ಲಿ ಒಬ್ಬ ಒಳ್ಳೆಯ ಡಿಫೆಂಡರ್ ಸಿಗುತ್ತಾನೆ. ವೈಲ್ಡ್‌ಕಾರ್ಡ್ ಆಡುವ ವಾರವಂತೂ ಮೊದಲ ದಿನವೇ ಕೊಂಡುಬಿಡುತ್ತೇನೆ, ಎಷ್ಟು ಸಲ ಬದಲಿಸಿದರೂ ದಂಡವಿಲ್ಲ, ಗಾಯವಾದರೆ ಇನ್ನೊಬ್ಬ. ಆದರೆ ದೇಶ ದೇಶಗಳ ಪಂದ್ಯಕ್ಕಾಗಿ ಲೀಗಿಗೆ ಬಿಡುವಿರುವ ಎರಡು ವಾರಗಳಲ್ಲಿ ಎಷ್ಟೇ ಏರಲಿ, ಕೈ ಕಟ್ಟಿ ಕೂರುತ್ತೇನೆ. ಆಟಗಾರರು ತಮ್ಮ ದೇಶಕ್ಕೆ ಆಡಲು ಹೋದವರು ಕುಂಟುತ್ತ ಮರಳುವುದನ್ನು ಬೇಕಾದಷ್ಟು ಕಂಡಿದ್ದೇನೆ. ಏಳು ಗಂಟೆಗೆ ಮೊಬೈಲ್ ನೋಡುವುದು ನಿಂತಿಲ್ಲ. ಹಲ್ಲುಜ್ಜಿದ ಮೇಲೆ ನೋಡುತ್ತೇನೆ.

ಆ ಋತುವಿನ ಏಪ್ರಿಲ್‌ನಲ್ಲಿ ಒಂದು ಶನಿವಾರ, ಗಡುವಿಗೆ ಇಪ್ಪತ್ತು ನಿಮಿಷ ಇರುವಾಗ ಅವಳ ಸಂದೇಶ ಬಂತು: "ಚಿಕ್ಕಪ್ಪ, ಒಂದು ಲಕ್ಷ ಸಾಲ ಸಿಗುತ್ತದೆಯೇ?"

ಅವಳಿಗೆ ಬೇಕಾದ ಮಿಡ್‌ಫೀಲ್ಡರ್‌ಗೆ ಸರಿಯಾಗಿ ಒಂದು ಲಕ್ಷ ಕಡಿಮೆ ಬಿದ್ದಿತ್ತು. ಈ ಆಟದಲ್ಲಿ ಸಾಲದ ವ್ಯವಸ್ಥೆ ಇಲ್ಲ. ಗೋಲ್‌ಕೀಪರನನ್ನು ಮಾರಿ, 4 ಅಂಕ ತೆತ್ತು, ಗೊಣಗುತ್ತ ಹೇಗೋ ಹೊಂದಿಸಿಕೊಂಡಳು. ಆಗ ಅವಳು ನನಗಿಂತ 41 ಅಂಕ ಮುಂದಿದ್ದಳು. ನಾನು ನನ್ನ ತಂಡ ತೆರೆದು ನೋಡಿದೆ. ಬ್ಯಾಂಕಿನಲ್ಲಿ 12 ಲಕ್ಷ ಇತ್ತು. ಪಟ್ಟಿಯನ್ನು ಮೇಲಿನಿಂದ ಕೆಳಗೆ ಎರಡು ಸಲ ಸರಿಸಿದೆ. ಕೊಳ್ಳಬೇಕೆನ್ನಿಸುವ ಒಬ್ಬನೂ ಕಾಣಲಿಲ್ಲ.