ನವಜಾತ ಶಿಶುವಿನ ನಂಜು: ಎಷ್ಟು ರಕ್ತ, ಯಾವ ಹೊತ್ತಿನಲ್ಲಿ

ಹಸುಗೂಸಿಗೆ ನಂಜು (ಸೆಪ್ಸಿಸ್, ಅಂದರೆ ರಕ್ತಕ್ಕೆ ಹಬ್ಬಿದ ಸೋಂಕು) ತಗುಲಿದರೆ ಜ್ವರ ಬರಲೇಬೇಕೆಂದಿಲ್ಲ. ಮೈ ತಣ್ಣಗಾಗಬಹುದು, ಮಗು ಹಾಲು ಬಿಡಬಹುದು, ಉಸಿರು ನಡುನಡುವೆ ನಿಲ್ಲಬಹುದು. ರಕ್ತದಲ್ಲಿ ಸಕ್ಕರೆ ಇಳಿದರೂ ಹೀಗೇ ಆಗುತ್ತದೆ. ಹಾಗಾಗಿ ಎಲ್ಲರ ಕಣ್ಣೂ ರಕ್ತಪರೀಕ್ಷೆಯ ಮೇಲೆ. ಅದರಲ್ಲಿ ಮೊದಲ ಸ್ಥಾನ ಬ್ಲಡ್ ಕಲ್ಚರ್‌ಗೆ, ಅಂದರೆ ರಕ್ತವನ್ನು ಪೋಷಕ ದ್ರವದ ಬಾಟಲಿಗೆ ಹಾಕಿ ರೋಗಾಣು ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆಗೆ.

ಕಲ್ಚರ್ ಹಾಳಾಗುವುದು ಬಹುಪಾಲು ಲ್ಯಾಬಿನಲ್ಲಲ್ಲ, ಮಗುವಿನ ಪಕ್ಕದಲ್ಲೇ. ಕನಿಷ್ಠ 1 ಮಿ.ಲೀ. ರಕ್ತ ಬೇಕು. ಎಷ್ಟೋ ಸಲ ರಕ್ತದಲ್ಲಿ ಬ್ಯಾಕ್ಟೀರಿಯಾ ತೀರಾ ವಿರಳ, 0.3 ಮಿ.ಲೀ. ಹಾಕಿ ‘ಏನೂ ಬೆಳೆದಿಲ್ಲ’ ಎಂಬ ವರದಿ ಬಂದರೆ ನಂಬುವುದು ಹೇಗೆ? 1 ಕಿಲೋ ತೂಕದ ಮಗುವಿನಲ್ಲಿ ಇರುವುದೇ ಸುಮಾರು 85–90 ಮಿ.ಲೀ. ರಕ್ತ, ಕೈ ಹಿಂಜರಿಯುವುದು ಸಹಜ. ಉಳಿಸುವುದಾದರೆ ಬೇರೆ ಪರೀಕ್ಷೆಗಳಲ್ಲಿ ಉಳಿಸಿ. ಸಿಕ್ಕಿದ್ದು 1 ಮಿ.ಲೀ. ಮಾತ್ರವಾದರೆ ಮಕ್ಕಳಿಗೆಂದೇ ಇರುವ ಕಲ್ಚರ್ ಬಾಟಲಿ ಒಂದಕ್ಕೇ ಪೂರ್ತಿ ಹಾಕಿ, ಹಂಚಬೇಡಿ.

ಚರ್ಮಕ್ಕೆ ಔಷಧಿ ಹಚ್ಚಿದ ಮೇಲೆ ಅರ್ಧ ನಿಮಿಷವಾದರೂ ಒಣಗಲು ಬಿಡಬೇಕು. ಸೂಕ್ಷ್ಮಾಣು ಸಾಯುವುದು ಆ ಹೊತ್ತಿನಲ್ಲೇ. ರಕ್ತನಾಳ ಎಲ್ಲಿದೆಯೆಂದು ಮತ್ತೆ ಬೆರಳಿಟ್ಟು ನೋಡಿದರೆ ಮಾಡಿದ್ದೆಲ್ಲ ವ್ಯರ್ಥ. ಬಾಟಲಿಯ ರಬ್ಬರ್ ಮುಚ್ಚಳವನ್ನೂ ಸ್ಪಿರಿಟ್‌ನಿಂದ ಒರೆಸಿ. ಹಿಮ್ಮಡಿ ಚುಚ್ಚಿ ತೆಗೆದ ರಕ್ತ ಕಲ್ಚರ್‌ಗೆ ಬೇಡ, ಚರ್ಮದ ಮೇಲಿರುವ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ ಸೇರಿ ದಾರಿ ತಪ್ಪಿಸುತ್ತದೆ. ಆ್ಯಂಟಿಬಯೋಟಿಕ್‌ಗೆ ಮೊದಲೇ ರಕ್ತ ತೆಗೆಯಬೇಕು ನಿಜ, ಆದರೆ ಮಗು ಕುಸಿಯುತ್ತಿದ್ದು ರಕ್ತನಾಳ ಸಿಗದಿದ್ದರೆ ಔಷಧಿಯನ್ನು ಕಾಯಿಸಬಾರದು.

ಸಿಆರ್‌ಪಿ (ಉರಿಯೂತವಿದ್ದಾಗ ರಕ್ತದಲ್ಲಿ ಏರುವ ಪ್ರೋಟೀನ್) ವಿಷಯದಲ್ಲಿ ಆತುರವೇ ದೊಡ್ಡ ತಪ್ಪು. ಯಕೃತ್ತು ಅದನ್ನು ತಯಾರಿಸಿ ಏರಿಸಲು ಸುಮಾರು 10–12 ಗಂಟೆ ಬೇಕು. ಹುಟ್ಟಿದ ಕೂಡಲೇ ತೆಗೆದ ರಕ್ತದಲ್ಲಿ ಸಿಆರ್‌ಪಿ ಕಡಿಮೆ ಬಂತೆಂದು ನಿಶ್ಚಿಂತರಾಗುವಂತಿಲ್ಲ. 24 ಗಂಟೆ ಅಂತರದ ಎರಡು ಮಾದರಿಗಳೂ ಲೀಟರಿಗೆ 10 ಮಿ.ಗ್ರಾಂಗಿಂತ ಕಡಿಮೆ ಇದ್ದರೆ ನಂಜಿನ ಸಾಧ್ಯತೆ ತುಂಬಾ ಇಳಿಯುತ್ತದೆ. ಏರಿದ್ದೆಲ್ಲ ನಂಜೂ ಅಲ್ಲ: ಕಷ್ಟದ ಹೆರಿಗೆ, ಮೆಕೋನಿಯಂ (ಮಗುವಿನ ಮೊದಲ ಮಲ) ಶ್ವಾಸಕೋಶಕ್ಕೆ ಹೋಗಿರುವುದು, ಇವೂ ಏರಿಸುತ್ತವೆ. ನಂಜು ಸೂಚಿಸುವ ಇನ್ನೊಂದು ಪ್ರೋಟೀನ್ ಪ್ರೊಕ್ಯಾಲ್ಸಿಟೋನಿನ್ ಬೇಗ ಏರುತ್ತದೆ, ಆದರೆ ಆರೋಗ್ಯವಂತ ಮಗುವಿನಲ್ಲೂ ಮೊದಲ ಎರಡು ದಿನ ತಾನಾಗಿಯೇ ಏರಿರುತ್ತದೆ. ಗಂಟೆ ಲೆಕ್ಕದ ಕೋಷ್ಟಕವಿಲ್ಲದೆ ಅದನ್ನು ಓದಲಾಗದು.

ರಕ್ತಕಣಗಳ ಎಣಿಕೆಯಲ್ಲಿ ಬಿಳಿ ಕಣ ಹೆಚ್ಚಾಗುವುದಕ್ಕಿಂತ ಮೈಕ್ರೋಲೀಟರಿಗೆ 5,000ದ ಕೆಳಗೆ ಇಳಿಯುವುದು ಹೆಚ್ಚು ಅನುಮಾನ ಹುಟ್ಟಿಸುತ್ತದೆ. ತಾಯಿಗೆ ಬಿ.ಪಿ. ಇದ್ದರೂ ಮಗುವಿನ ನ್ಯೂಟ್ರೋಫಿಲ್ (ಬಿಳಿ ಕಣಗಳ ಒಂದು ಬಗೆ) ಇಳಿಯುವುದುಂಟು. ಒಟ್ಟು ನ್ಯೂಟ್ರೋಫಿಲ್‌ಗಳಲ್ಲಿ ಎಳೆಯವುಗಳ ಪಾಲು 0.2 ದಾಟಿದರೆ ಗಮನಿಸಿ, ಅದೊಂದರ ಮೇಲೆ ತೀರ್ಮಾನ ಬೇಡ.

ನಿಜವಾದ ರೋಗಾಣು ಇದ್ದರೆ ಬಹುತೇಕ 36 ಗಂಟೆಯೊಳಗೆ ಕಲ್ಚರ್‌ನಲ್ಲಿ ಬೆಳೆಯುತ್ತದೆ. ಸರಿಯಾಗಿ ತೆಗೆದ ಕಲ್ಚರ್ 36–48 ಗಂಟೆಯಾದರೂ ಖಾಲಿಯಿದ್ದು ಮಗು ಚೆನ್ನಾಗಿದ್ದರೆ, ಸಿಆರ್‌ಪಿ ಒಂದನ್ನೇ ಹಿಡಿದುಕೊಂಡು ಆ್ಯಂಟಿಬಯೋಟಿಕ್ ಮುಂದುವರಿಸಬಾರದು. ಅದಕ್ಕಾಗಿಯೇ ಲ್ಯಾಬಿಗೆ ಕಳಿಸುವ ಚೀಟಿಯಲ್ಲಿ ಹುಟ್ಟಿದ ಹೊತ್ತು, ರಕ್ತ ತೆಗೆದ ಹೊತ್ತು, ಎಷ್ಟು ಮಿ.ಲೀ. ಎಂಬ ಮೂರನ್ನೂ ಬರೆಯಿರಿ.