ಎಬಿ ಅಪ್ಪನಿಗೆ ಓ ಮಗ

"ಮಿಸ್, ಅಪ್ಪಂದು ಎಬಿ ಗ್ರೂಪು, ಅಮ್ಮಂದು ಬಿ. ಮಗುಂದು ಓ ಆಗಬಹುದಾ?"

ಶುಕ್ರವಾರ ಬೆಳಿಗ್ಗೆ ಎರಡನೇ ಪೀರಿಯಡ್ಡು. ಹತ್ತನೇ ತರಗತಿ, ಅನುವಂಶೀಯತೆಯ ಪಾಠ. ನಾನು ಬೋರ್ಡಿನ ಕಡೆ ತಿರುಗಿಕೊಂಡೇ, ಬರೆಯೋದನ್ನು ನಿಲ್ಲಿಸದೆ, "ಸಾಧ್ಯವೇ ಇಲ್ಲ ಕಣಪ್ಪಾ" ಅಂದೆ. ಯಾಕೆ ಸಾಧ್ಯವಿಲ್ಲ ಅಂತ ಉತ್ಸಾಹದಿಂದ ವಿವರಿಸಿದೆ ಕೂಡ. ಎಬಿ ಇರೋರ ಹತ್ತಿರ ಒಂದು ಎ ವಂಶವಾಹಿ, ಒಂದು ಬಿ ವಂಶವಾಹಿ ಇರುತ್ತೆ. ಮಗುವಿಗೆ ಎರಡರಲ್ಲೊಂದು ಹೋಗಲೇಬೇಕು. ಮಗು ಓ ಆಗಬೇಕಾದರೆ ಅಪ್ಪನಿಂದೊಂದು ಓ, ಅಮ್ಮನಿಂದೊಂದು ಓ ಬರಬೇಕು. ಎಬಿ ಅಪ್ಪನ ಹತ್ತಿರ ಕೊಡೋಕೆ ಓ ಎಲ್ಲಿದೆ? ಚೌಕ ಬರೆದು ತುಂಬಿಸಿ ತೋರಿಸಿದೆ. ತಿರುಗಿ ನೋಡಿದಾಗ ಹುಡುಗ ಕೂತುಬಿಟ್ಟಿದ್ದ. ನೋಟ್‌ಬುಕ್ಕು ಮುಚ್ಚಿ ಅದರ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದ.

ಅಷ್ಟರಲ್ಲಿ ಮುಂದಿನ ಬೆಂಚಿನ ಹುಡುಗಿ ಎದ್ದಳು. "ಮಿಸ್, ಕೆಂಪು ರಕ್ತಕಣದಲ್ಲಿ ಕೋಶಕೇಂದ್ರವೇ ಇಲ್ಲ ಅಂತ ಹೋದ ವರ್ಷ ಹೇಳಿದ್ರಿ. ವಂಶವಾಹಿ ಇರೋದು ಕೋಶಕೇಂದ್ರದಲ್ಲಿ. ಹಾಗಾದ್ರೆ ರಕ್ತಕಣಕ್ಕೆ ತಂದು ಯಾವ ಗ್ರೂಪು ಅಂತ ಹೇಗೆ ಗೊತ್ತಾಗುತ್ತೆ?"

ಹದಿನಾಲ್ಕು ವರ್ಷದಿಂದ ಜೀವಶಾಸ್ತ್ರ ಕಲಿಸುತ್ತಿದ್ದೇನೆ, ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ರಕ್ತಕಣ ಹುಟ್ಟೋದು ಅಸ್ಥಿಮಜ್ಜೆಯಲ್ಲಿ. ಅಲ್ಲಿರುವಾಗ ಅದಕ್ಕೂ ಕೋಶಕೇಂದ್ರ ಇರುತ್ತೆ. ತನ್ನ ಮೇಲ್ಮೈಗೆ ಬೇಕಾದ ಗುರುತನ್ನೆಲ್ಲ ಆಗಲೇ ಕಟ್ಟಿಕೊಂಡು, ಆಮೇಲೆ ಕೋಶಕೇಂದ್ರವನ್ನು ಹೊರಹಾಕಿ, ಆ ಜಾಗಕ್ಕೆಲ್ಲ ಹಿಮೋಗ್ಲೋಬಿನ್ ತುಂಬಿಕೊಂಡು ರಕ್ತಕ್ಕೆ ಇಳಿಯುತ್ತೆ. ಸುಮಾರು 120 ದಿನ ಬದುಕುತ್ತೆ. ಮನೆ ಕಟ್ಟಿದ ಮೇಸ್ತ್ರಿ ಹೋದಮೇಲೂ ಗೋಡೆ ನಿಂತಿರುತ್ತಲ್ಲ, ಹಾಗೆ. ಎ ಮತ್ತು ಬಿ ಗುಂಪಿಗೆ ಇರೋ ವ್ಯತ್ಯಾಸವೂ ಬಹಳ ಸಣ್ಣದು: ರಕ್ತಕಣದ ಹೊರಗಿರೋ ಸಕ್ಕರೆ ಸರಪಳಿಯ ತುದಿಗೆ ಯಾವ ಸಕ್ಕರೆ ಅಂಟಿದೆ ಅನ್ನೋದು. ಬಿ ಆದರೆ ಗ್ಯಾಲಕ್ಟೋಸ್, ಎ ಆದರೆ ಅದರದೇ ಹತ್ತಿರದ ಇನ್ನೊಂದು. ಓ ಇರೋರಲ್ಲಿ ಅಂಟಿಸುವ ಕಿಣ್ವ ಕೆಲಸ ಮಾಡೋದಿಲ್ಲ, ಹಾಗಾಗಿ ತುದಿ ಬರಿದು. ಇದನ್ನೆಲ್ಲ ಹೇಳುತ್ತ ಹೇಳುತ್ತ ಗಂಟೆ ಹೊಡೆಯಿತು. ಆ ಹುಡುಗ ನನ್ನ ಮನಸ್ಸಿನಿಂದ ಪೂರ್ತಿ ಹೋಗಿಬಿಟ್ಟಿದ್ದ.

ಬಿಸಿಯೂಟ ಮುಗಿಸಿ ನಲ್ಲಿ ಹತ್ತಿರ ತಟ್ಟೆ ತೊಳೆಯುವಾಗ ಅವನೇ ಬಂದು ಪಕ್ಕದಲ್ಲಿ ನಿಂತ. "ಮಿಸ್, ಪುಸ್ತಕದಲ್ಲಿ ಒಂದೊಂದ್ಸಲ ತಪ್ಪಿರುತ್ತಾ?"

"ಯಾಕೋ?"

"ಸುಮ್ನೆ." ತಟ್ಟೆಯಲ್ಲಿ ಅನ್ನ ಹಾಗೇ ಇತ್ತು. ಅದನ್ನು ನಾಯಿಗೆ ಹಾಕಿ ಹೋದ.

ಆಗ ಎದೆ ಧಸಕ್ಕೆಂದಿತು.

ಆ ಮನೆಕೆಲಸ ಕೊಟ್ಟವಳು ನಾನೇ. ಹದಿನೈದು ದಿನದ ಹಿಂದೆ ಶಾಲೆಯಲ್ಲಿ ರಕ್ತದ ಗುಂಪಿನ ಶಿಬಿರ ನಡೆದಿತ್ತು. ಹೊರಗಿನಿಂದ ಬಂದವರು ಒಂದೇ ಮಧ್ಯಾಹ್ನದಲ್ಲಿ ಇನ್ನೂರು ಚಿಲ್ಲರೆ ಮಕ್ಕಳ ಬೆರಳು ಚುಚ್ಚಿ, ಕಾರ್ಡು ಬರೆದುಕೊಟ್ಟು ಹೋಗಿದ್ದರು. ಹತ್ತನೇ ತರಗತಿಯ ಪಾಠದಲ್ಲಿ ಒಂದು ಪ್ರಶ್ನೆ ಇದೆ: ಎ ಗುಂಪಿನ ಗಂಡಸು, ಓ ಗುಂಪಿನ ಹೆಂಡತಿ, ಮಗಳದ್ದು ಓ; ಯಾವ ಲಕ್ಷಣ ಪ್ರಬಲ ಅಂತ ಇಷ್ಟರಿಂದಲೇ ಹೇಳಬಹುದಾ? ಮಕ್ಕಳಿಗೆ ಇದು ಯಾವತ್ತೂ ತಲೆಗೆ ಹತ್ತೋದಿಲ್ಲ. ಯಾರದೋ ಮನೆಯ ಲೆಕ್ಕ ಬೇಡ, ನಿಮ್ಮ ಮನೆಯದೇ ಪಟ್ಟಿ ಮಾಡಿಕೊಂಡು ಬನ್ನಿ ಅಂದಿದ್ದೆ. ಅಮ್ಮಂದು ಗೊತ್ತಿಲ್ಲದಿದ್ದರೆ ತಾಯಿ ಕಾರ್ಡ್ ನೋಡಿ, ಅದರಲ್ಲಿ ಬರೆದಿರುತ್ತಾರೆ ಅಂತಲೂ ಹೇಳಿಕೊಟ್ಟಿದ್ದೆ. ಒಳ್ಳೆಯ ಮನೆಕೆಲಸ ಅಂತ ಸಹೋದ್ಯೋಗಿಗಳ ಹತ್ತಿರ ಹೇಳಿಕೊಂಡೂ ಇದ್ದೆ. ತರಗತಿಯಲ್ಲಿ ದತ್ತು ಬಂದ ಮಗು ಇರಬಹುದು, ಅಮ್ಮ ಎರಡನೇ ಮದುವೆಯಾದ ಮಗು ಇರಬಹುದು, ಅಪ್ಪನ ವಿಷಯವೇ ಎತ್ತದ ಮನೆ ಇರಬಹುದು ಅನ್ನೋದು ನನಗೆ ಒಂದು ಕ್ಷಣವೂ ಹೊಳೆದಿರಲಿಲ್ಲ.

ಸಂಜೆ ನಲವತ್ತೊಂದು ನೋಟ್‌ಬುಕ್ಕನ್ನೂ ಮನೆಗೆ ಹೊತ್ತುಕೊಂಡು ಹೋದೆ. ಮೊದಲು ಅವನದೇ ತೆಗೆದೆ. ಗೆರೆ ಎಳೆದು ಅಂದವಾಗಿ ಬರೆದಿದ್ದ: ಅಪ್ಪ ಎಬಿ, ಅಮ್ಮ ಬಿ, ನಾನು ಓ, ತಂಗಿ ಅಂತ ಬರೆದು ಮುಂದೆ ಖಾಲಿ. ಕೆಳಗೆ ಪೆನ್ಸಿಲ್ಲಿನಲ್ಲಿ ಒಂದು ಚೌಕ, ಅಳಿಸಿ, ಮತ್ತೆ ಬರೆದು, ಮತ್ತೆ ಅಳಿಸಿ ಕಾಗದ ಸವೆದುಹೋಗಿತ್ತು. ಅಂದರೆ ನನ್ನನ್ನು ಕೇಳುವ ಮುಂಚೆಯೇ ಅವನಿಗೆ ಉತ್ತರ ಗೊತ್ತಿತ್ತು. ಅಲ್ಲ ಅಂತ ನಾನು ಹೇಳಲಿ ಅಂತ ಕೇಳಿದ್ದ.

ಅಪ್ಪನ ಗುಂಪು ತಪ್ಪಾಗಿರಬಹುದಾ? ನಮ್ಮದು ತೆಂಗಿನ ಸೀಮೆ, ತಿಪಟೂರಿನ ಹತ್ತಿರ. ಅವನಪ್ಪ ಮೂರು ವರ್ಷದ ಹಿಂದೆ ಕಾಯಿ ಕೀಳುವಾಗ ಮರದಿಂದ ಬಿದ್ದು, ತೊಡೆಮೂಳೆಗೆ ರಾಡು ಹಾಕಿಸಿಕೊಂಡವರು. ಆಗ ಎರಡು ಬಾಟ್ಲಿ ರಕ್ತ ಕೊಟ್ಟಿದ್ದರು. ರಕ್ತ ಕೊಡುವಾಗ ಗುಂಪು ನೋಡಿ, ಹೊಂದಿಸಿ ನೋಡಿಯೇ ಕೊಡೋದು. ಹಾಗಾಗಿ ಎಬಿ ನಿಜವೇ ಇರಬೇಕು. ಅಮ್ಮನದ್ದು ತಾಯಿ ಕಾರ್ಡಿನದ್ದು. ಅದು ಬಿ ಅಲ್ಲದೆ ಬೇರೆ ಏನಾಗಿದ್ದರೂ ಎಬಿ ಅಪ್ಪನ ಲೆಕ್ಕ ಬದಲಾಗೋದಿಲ್ಲ.

ಊಟ ಮಾಡಲಿಲ್ಲ. ಕಾಲೇಜಿನಲ್ಲಿ ಓದಿದ್ದನ್ನೆಲ್ಲ ನೆನಪು ಮಾಡಿಕೊಂಡೆ. "ಸಾಧ್ಯವೇ ಇಲ್ಲ" ಅಂತ ಬೆಳಿಗ್ಗೆ ಹೇಳಿದ್ದು ಪೂರ್ತಿ ಸರಿಯೂ ಅಲ್ಲ. 1952ರಲ್ಲಿ ಮುಂಬೈಯಲ್ಲಿ ಡಾಕ್ಟರ್ ವೈ. ಎಂ. ಭೇಂಡೆ ಮತ್ತು ಅವರ ಜೊತೆಯವರು ಗುರುತಿಸಿದ ಬಾಂಬೆ ರಕ್ತದ ಗುಂಪು ಇದೆಯಲ್ಲ! ಅವರಲ್ಲಿ ಎ ಅಥವಾ ಬಿ ವಂಶವಾಹಿ ಇದ್ದರೂ, ಆ ಸಕ್ಕರೆ ಅಂಟಿಕೊಳ್ಳೋಕೆ ಬೇಕಾದ ಎಚ್ ಅನ್ನೋ ಬುನಾದಿಯೇ ಇರೋದಿಲ್ಲ. ಸಾಮಾನ್ಯ ಪರೀಕ್ಷೆಯಲ್ಲಿ ಓ ಅಂತಲೇ ಕಾಣುತ್ತೆ. ಅದು ದುರ್ಬಲ ಲಕ್ಷಣ, ಅಪ್ಪ ಅಮ್ಮ ಇಬ್ಬರಿಂದಲೂ ಬರಬೇಕು. ಒಂದೇ ಮನೆತನದಲ್ಲಿ ಮದುವೆಯಾದವರ ಮಕ್ಕಳಲ್ಲಿ ಹೆಚ್ಚು. ಈ ಹುಡುಗನ ಅಮ್ಮ ಮದುವೆಯಾಗಿರೋದು ಸೋದರಮಾವನನ್ನೇ. ಸೋದರಮಾವ ಮತ್ತು ಸೋದರ ಸೊಸೆಯ ಮಗುವಿನಲ್ಲಿ, ಎಂಟು ಜೋಡಿ ವಂಶವಾಹಿಗೆ ಸರಾಸರಿ ಒಂದು ಜೋಡಿಯ ಎರಡೂ ಪ್ರತಿ ಒಬ್ಬನೇ ಪೂರ್ವಜನಿಂದ ಬಂದಿರುತ್ತೆ. ನಮ್ಮ ಕಡೆ ಇಂಥ ಮದುವೆ ಅಪರೂಪವೇನಲ್ಲ. ಇನ್ನೂ ಒಂದು ದಾರಿ ಇದೆ: ಎ ಮತ್ತು ಬಿ ಎರಡೂ ಗುಣ ಒಂದೇ ವರ್ಣತಂತುವಿನ ಮೇಲೆ ಬಂದುಬಿಡುವ ಬಹಳ ಅಪರೂಪದ ಪ್ರಕಾರ. ಹಾಗಿದ್ದರೆ ಎಬಿ ಅಪ್ಪನಿಗೆ ಓ ಮಗು ಹುಟ್ಟಬಹುದು.

ಇದ್ಯಾವುದೂ ಅಲ್ಲದೆ ಹೋದರೆ? ಅದು ನಾನು ಕೈ ಹಾಕೋ ವಿಷಯವೇ ಅಲ್ಲ. ಆದರೆ ಆಗಲೇ ಕೈ ಹಾಕಿ ಆಗಿತ್ತು.

ಹತ್ತೂವರೆ ದಾಟಿತ್ತು. ನಿದ್ದೆ ಬರುವ ಹಾಗಿರಲಿಲ್ಲ, ಉಳಿದ ನೋಟ್‌ಬುಕ್ಕನ್ನೂ ತಿದ್ದೋಣ ಅಂತ ಕೂತೆ. ಹುಡುಗಿಯರ ಕಟ್ಟಿನಲ್ಲಿ ಮೊದಲನೆಯದೇ ಕೋಶಕೇಂದ್ರದ ಪ್ರಶ್ನೆ ಕೇಳಿದವಳದ್ದು. ಅಪ್ಪ ಓ, ಅಮ್ಮ ಓ, ನಾನು ಬಿ.

ಪೆನ್ನು ಕೆಳಗಿಟ್ಟೆ. ಓ ಮತ್ತು ಓ ಸೇರಿ ಬಿ ಎಲ್ಲಿಂದ ಬರುತ್ತೆ? ಅಷ್ಟು ಸೂಕ್ಷ್ಮವಾಗಿ ಪ್ರಶ್ನೆ ಕೇಳಿದ ಹುಡುಗಿ ತನ್ನದೇ ಪಟ್ಟಿಯನ್ನು ಗಮನಿಸಿರಲಿಲ್ಲ. ಒಂದೇ ತರಗತಿಯಲ್ಲಿ ಎರಡು ಆಗದ ಲೆಕ್ಕ. ಒಂದರಲ್ಲಿ ಓ ಬರಬಾರದಿತ್ತು, ಇನ್ನೊಂದರಲ್ಲಿ ಓ ಬಿಟ್ಟು ಬೇರೆ ಬರಬಾರದಿತ್ತು. ಎರಡನ್ನೂ ಅದಲು ಬದಲು ಮಾಡಿ ನೋಡಿದೆ: ಎಬಿ ಅಪ್ಪ, ಬಿ ಅಮ್ಮ, ಬಿ ಮಗ. ಓ ಅಪ್ಪ, ಓ ಅಮ್ಮ, ಓ ಮಗಳು. ಹಾಜರಿ ಪುಸ್ತಕ ತೆಗೆದೆ. ನಮ್ಮಲ್ಲಿ ಅಕ್ಷರದ ಕ್ರಮದಲ್ಲಿ ಮೊದಲು ಹುಡುಗರು, ಆಮೇಲೆ ಹುಡುಗಿಯರು. ಅವನ ಹೆಸರು ಹಕಾರದಿಂದ ಶುರು, ಹುಡುಗರಲ್ಲಿ ಕೊನೆಯವನು. ಅವಳದ್ದು ಅಕಾರ, ಹುಡುಗಿಯರಲ್ಲಿ ಮೊದಲನೆಯವಳು. ಶಿಬಿರದಲ್ಲಿ ಒಬ್ಬರ ಹಿಂದೆ ಒಬ್ಬರು ನಿಂತವರು! ಆ ರಾತ್ರಿಯಲ್ಲಿ ಒಬ್ಬಳೇ ಕೂತು ಅತ್ತೆ.

ಶನಿವಾರ ಬೆಳಗಿನ ಶಾಲೆ. ಪ್ರಾರ್ಥನೆಗೆ ಮುಂಚೆಯೇ ಇಬ್ಬರನ್ನೂ ಪ್ರಯೋಗಾಲಯಕ್ಕೆ ಕರೆದು ಶಿಬಿರದ ದಿನ ಏನಾಯಿತು ಅಂತ ಕೇಳಿದೆ. ಹುಡುಗಿ ಹೇಳಿದಳು: "ಬೆರಳು ಚುಚ್ಚಿಸ್ಕೊಂಡಾಗ ಇವನು ಮುಂದೆ, ನಾನು ಹಿಂದೆ ಇದ್ವಿ ಮಿಸ್. ಇವನ ರಕ್ತ ನಿಲ್ಲಲೇ ಇಲ್ಲ, ಹತ್ತಿ ಒತ್ತಿಕೊಂಡು ಪಕ್ಕಕ್ಕೆ ಕೂತ. ಕಾರ್ಡ್ ಬರೆಸೋಕೆ ನಾನು ಮುಂದೆ ಹೋದೆ."

ಹುಡುಗ ಅವಳನ್ನೇ ನೋಡಿದ. ಆಮೇಲೆ ನನ್ನನ್ನು.

"ನಿನ್ನೆ ನಾನು ಅವಸರದಲ್ಲಿ ಉತ್ತರ ಕೊಟ್ಟೆ ಮಗಾ, ಅದು ನನ್ನ ತಪ್ಪು" ಅಂದೆ. "ಲೆಕ್ಕ ಹೊಂದದೆ ಇದ್ದಾಗ ಮೊದಲು ಅನುಮಾನ ಪಡಬೇಕಾದ್ದು ಕಾರ್ಡಿನ ಮೇಲೆ." ಅವನು ಏನೂ ಹೇಳಲಿಲ್ಲ. ಮೂಗು ಒರೆಸಿಕೊಂಡ.

ಅವರಿಬ್ಬರದ್ದೇ ಮತ್ತೆ ಪರೀಕ್ಷೆ ಮಾಡಿಸಿದರೆ ಊರೆಲ್ಲ ಮಾತಾಗುತ್ತೆ. ತಪ್ಪು ಗುಂಪಿರೋ ಕಾರ್ಡು ಕೊರಳಲ್ಲಿದ್ದರೆ ಅಪಘಾತದ ಹೊತ್ತಿಗೆ ದಾರಿ ತಪ್ಪಿಸಬಹುದು, ಇಡೀ ತರಗತಿಯದ್ದು ಇನ್ನೊಮ್ಮೆ ಆಗಲಿ ಅಂತ ಹೆಡ್‌ಮಾಸ್ಟರಿಗೆ ಹೇಳಿದೆ. ಒಪ್ಪಿಕೊಂಡರು. ಮಂಗಳವಾರ ತಾಲ್ಲೂಕು ಆಸ್ಪತ್ರೆಯಿಂದ ಲ್ಯಾಬಿನವರು ಬಂದರು. ಬಿಳಿ ಟೈಲಿನ ಮೇಲೆ ಹೆಸರು ಬರೆದು, ಪ್ರತಿಯೊಬ್ಬರದ್ದೂ ಮೂರು ಹನಿ ರಕ್ತ. ಒಂದರ ಮೇಲೆ ನೀಲಿ ದ್ರವ, ಅದು ಎ ನೋಡೋಕೆ. ಒಂದರ ಮೇಲೆ ಹಳದಿ, ಬಿಗೆ. ಬಣ್ಣವಿಲ್ಲದ್ದು ಆರ್‌ಎಚ್‌ಗೆ. ಕಡ್ಡಿಯಲ್ಲಿ ಕಲಸಿ, ಟೈಲನ್ನು ಮೆಲ್ಲಗೆ ಅತ್ತಿತ್ತ ಓಲಾಡಿಸಿದರು. ಹುಡುಗ ಉಸಿರು ಬಿಗಿಹಿಡಿದು ಬಗ್ಗಿದ್ದ. ನೀಲಿಯದ್ದು ಕುಂಕುಮದ ನೀರಿನ ಹಾಗೆ ನುಣ್ಣಗೇ ಉಳಿಯಿತು. ಹಳದಿಯದ್ದರಲ್ಲಿ ಮೊದಲು ಅಂಚಿನಲ್ಲಿ ಸಣ್ಣ ಸಣ್ಣ ಕಾಳು ಕಂಡಿತು, ನೋಡನೋಡುತ್ತ ಇಡೀ ಹನಿ ಒಡೆದ ಹಾಲಿನ ಹಾಗೆ ಗರಣೆ ಕಟ್ಟಿತು.

"ಬಿ ಪಾಸಿಟಿವ್" ಅಂದರು ಲ್ಯಾಬಿನವರು. ಹುಡುಗಿಯದ್ದು ಓ ಬಂತು. ಉಳಿದ ಮಕ್ಕಳದ್ದೆಲ್ಲ ಮೊದಲಿನ ಹಾಗೇ ಇತ್ತು.

ಆ ಮನೆಕೆಲಸ ನಾನು ಮತ್ತೆ ಯಾವತ್ತೂ ಕೊಟ್ಟಿಲ್ಲ. ಈಗ ಇಲ್ಲದ ಒಂದು ಮನೆಯನ್ನು ಬೋರ್ಡಿನ ಮೇಲೆ ಕಟ್ಟುತ್ತೇವೆ. ಅಜ್ಜ, ಅಜ್ಜಿ, ಸೋದರತ್ತೆ ಎಲ್ಲರಿಗೂ ಮಕ್ಕಳೇ ಹೆಸರಿಡುತ್ತಾರೆ, ಗುಂಪು ಕೊಡುತ್ತಾರೆ.

ಅವತ್ತು ಸಂಜೆ ಶಾಲೆ ಬಿಟ್ಟ ಮೇಲೆ ಅವನು ನೋಟ್‌ಬುಕ್ಕು ಕೇಳಿ ಇಸಿದುಕೊಂಡ. ಮೇಜಿನ ಮೇಲೇ ಇಟ್ಟುಕೊಂಡು, ಓ ಹೊಡೆದು ಹಾಕಿ ಬಿ ಬರೆದ. ತಂಗಿಯ ಮುಂದಿನ ಖಾಲಿ ಜಾಗ ನೋಡುತ್ತ ಸ್ವಲ್ಪ ಹೊತ್ತು ನಿಂತ.

"ಇವಳದ್ದು ಎ ಆಗಬಹುದು, ಬಿ ಆಗಬಹುದು, ಎಬಿ ಆಗಬಹುದು. ಓ ಮಾತ್ರ ಆಗಲ್ಲ. ಅಲ್ವಾ ಮಿಸ್?"

"ಸಾಮಾನ್ಯವಾಗಿ ಆಗಲ್ಲ" ಅಂದೆ. ಬಾಂಬೆ ಗುಂಪಿನ ಕಥೆ ಹೇಳಿದೆ. ಪೂರ್ತಿ ಕೇಳಿಸಿಕೊಂಡ. ಆಮೇಲೆ ಬಗ್ಗಿ, 'ಓ ಆಗಲ್ಲ' ಅಂತ ಬರೆದಿದ್ದರ ಮುಂದೆ, ಇಕ್ಕಟ್ಟಾದ ಜಾಗದಲ್ಲಿ, 'ಸಾಮಾನ್ಯವಾಗಿ' ಅಂತ ಸೇರಿಸಿದ.