ಹಳೇ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ: ದುಡ್ಡು ಕೊಡುವ ಮೊದಲು ತಳ ಬಿಚ್ಚಿ ನೋಡಿ

ಲ್ಯಾಪ್‌ಟಾಪ್ ಆನ್ ಮಾಡಿ, ಕಾಫಿ ಕುಡಿದು ಬಂದರೂ ಪರದೆ ಮೇಲಿನ ಚಕ್ರ ಇನ್ನೂ ತಿರುಗುತ್ತಿದ್ದರೆ ಟಾಸ್ಕ್ ಮ್ಯಾನೇಜರ್ ತೆರೆದು ಡಿಸ್ಕ್ ಸಾಲು ನೋಡಿ. ಬಳಕೆ 100% ಅಂತಿರುತ್ತದೆ, ಪಕ್ಕದಲ್ಲಿ ವೇಗ ಮಾತ್ರ ಸೆಕೆಂಡಿಗೆ 1 ಎಂಬಿಯೋ 2 ಎಂಬಿಯೋ. ಡಿಸ್ಕ್ ಕೆಟ್ಟಿದೆ ಅಂತಲ್ಲ. ನಿಮಿಷಕ್ಕೆ 5400 ಸುತ್ತು ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಒಂದು ಸುತ್ತಿಗೇ 11 ಮಿಲಿಸೆಕೆಂಡ್ ಬೇಕು. ಓದುವ ತಲೆ ಜಾಗ ಬದಲಿಸುವ ಹೊತ್ತನ್ನೂ ಸೇರಿಸಿದರೆ ಸೆಕೆಂಡಿಗೆ ಐವತ್ತು ಅರವತ್ತು ಕಡೆಗಿಂತ ಹೆಚ್ಚು ಹೋಗಿ ಬರಲು ಅದಕ್ಕಾಗದು. ವಿಂಡೋಸ್ ಶುರುವಾಗುವಾಗ ಕೇಳುವುದು 4 ಕೆಬಿಯಂಥ ಚಿಲ್ಲರೆ ತುಣುಕುಗಳನ್ನೇ. ಅರವತ್ತನ್ನು ನಾಲ್ಕರಿಂದ ಗುಣಿಸಿ: ಕಾಲು ಎಂಬಿಯೂ ಆಗಲಿಲ್ಲ.

ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಡೇಟಾ ಇರುವುದು ಚಿಪ್ಪುಗಳಲ್ಲಿ. ಹಾರ್ಡ್ ಡಿಸ್ಕಿಗೂ ಬಳಸುವ ಸಾಟಾ ಕನೆಕ್ಟರಿನ ಅತಿ ಅಗ್ಗದ ಎಸ್‌ಎಸ್‌ಡಿ ಕೂಡ ಇಂಥ ತುಣುಕುಗಳನ್ನು ಸೆಕೆಂಡಿಗೆ ಸಾವಿರಗಟ್ಟಲೆ ಕೊಡುತ್ತದೆ. ಗೆಲುವೆಲ್ಲ ಇಲ್ಲೇ ಇದೆ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಹಾಕುವ 550, 3500, 7000 ಎಂಬಿ ಎಲ್ಲ ದೊಡ್ಡ ಫೈಲನ್ನು ಒಂದೇ ಸಮನೆ ಓದುವಾಗಿನ ಲೆಕ್ಕ. ಟ್ಯಾಲಿ, ವರ್ಡ್, ಬ್ರೌಸರ್ ಇಷ್ಟೇ ಕೆಲಸವಿದ್ದರೆ 550ಕ್ಕೂ 3500ಕ್ಕೂ ವ್ಯತ್ಯಾಸ ಹುಡುಕಬೇಕಾಗುತ್ತದೆ. ಆದ್ದರಿಂದ ವೇಗದ ಅಂಕಿ ಬಿಟ್ಟು, ನಿಮ್ಮ ಲ್ಯಾಪ್‌ಟಾಪಿನೊಳಗೆ ಯಾವ ಜಾಗ ಇದೆ ಅನ್ನುವುದನ್ನು ಮೊದಲು ನೋಡಿ.

2014ರಿಂದ 2019ರ ನಡುವಿನ ಹದಿನೈದು ಇಂಚಿನ ಅಗ್ಗದ ಮಾದರಿಗಳಲ್ಲಿ ಸಾಮಾನ್ಯವಾಗಿ ಇರುವುದು 2.5 ಇಂಚಿನ ಸಾಟಾ ಜಾಗ. ಅಲ್ಲಿಗೆ 7 ಮಿ.ಮೀ. ದಪ್ಪದ ಎಸ್‌ಎಸ್‌ಡಿ ಸರಿ ಹೋಗುತ್ತದೆ. ಹಳೇ ಡಿಸ್ಕ್ 9.5 ಮಿ.ಮೀ. ದಪ್ಪದ್ದಾಗಿದ್ದರೆ ಉಳಿಯುವ ಎರಡೂವರೆ ಮಿ.ಮೀ.ಗೆ ಪ್ಲಾಸ್ಟಿಕ್ ಚೌಕಟ್ಟು ಬೇಕು. ಎಷ್ಟೋ ಎಸ್‌ಎಸ್‌ಡಿಗಳ ಡಬ್ಬದಲ್ಲೇ ಅದು ಬರುತ್ತದೆ, ಕಸ ಅಂತ ಎಸೆಯಬೇಡಿ.

ಎಂ.2 ಜಾಗ (ತೆಳು ಕಾರ್ಡನ್ನು ನೇರ ಬೋರ್ಡಿಗೆ ತೂರಿಸುವ ಸ್ಲಾಟ್) ಇದ್ದರೆ ವಿಷಯ ಸ್ವಲ್ಪ ಜಟಿಲ. ಎಂ.2 ಅನ್ನುವುದು ಆಕಾರದ ಹೆಸರು, ವೇಗದ ಹೆಸರಲ್ಲ. 2280 ಅಂದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ, 2242, 2230 ಅದರ ಗಿಡ್ಡ ತಮ್ಮಂದಿರು. ಆ ಆಕಾರದಲ್ಲೇ ಸಾಟಾ ಕಾರ್ಡೂ ಇದೆ, ಪಿಸಿಐಇ ಎಂಬ ಹೆಚ್ಚು ವೇಗದ ದಾರಿ ಬಳಸುವ ಎನ್‌ವಿಎಂಇ ಕಾರ್ಡೂ ಇದೆ. ಎರಡು ಕಚ್ಚು ಇರುವ ಕಾರ್ಡ್ ಬಹುಪಾಲು ಸಾಟಾ, ಒಂದೇ ಕಚ್ಚಿನದು ಬಹುಪಾಲು ಎನ್‌ವಿಎಂಇ. ಆದರೆ ಎರಡು ಕಚ್ಚಿನ ಎನ್‌ವಿಎಂಇಗಳೂ ಇವೆ. ಬೋರ್ಡಿನ ಸ್ಲಾಟ್ ಇವುಗಳಲ್ಲಿ ಯಾವುದನ್ನು ಒಪ್ಪುತ್ತದೆ ಅಂತ ಬರೀ ಕಣ್ಣಲ್ಲಿ ನೋಡಿ ಹೇಳಲಾಗದು. ಸಾಟಾ ಕಾರ್ಡನ್ನು ಎನ್‌ವಿಎಂಇಗೆ ಮಾತ್ರ ಇರುವ ಸ್ಲಾಟಿಗೆ ಹಾಕಿದರೆ ಸುಟ್ಟುಹೋಗುವುದಿಲ್ಲ, ಬಯಾಸಿನಲ್ಲಿ (ವಿಂಡೋಸಿಗೂ ಮೊದಲು ತೆರೆಯುವ ಸೆಟ್ಟಿಂಗ್ ಪರದೆ) ಕಾಣುವುದೂ ಇಲ್ಲ. ತಳದ ಸ್ಟಿಕರಿನಲ್ಲಿರುವ ಪೂರ್ತಿ ಮಾದರಿ ಸಂಖ್ಯೆ ಹಿಡಿದು ಕಂಪನಿಯ ಸರ್ವಿಸ್ ಮ್ಯಾನುಯಲ್ ಇಳಿಸಿಕೊಳ್ಳಿ, ಅದರಲ್ಲಿ ಬರೆದಿರುತ್ತದೆ. ಮ್ಯಾನುಯಲ್ ಓದಿದ ಮೇಲೂ ಒಮ್ಮೆ ತಳ ಬಿಚ್ಚಿ ನೋಡುವುದು ಒಳ್ಳೆಯದು: ಒಂದೇ ಸರಣಿಯ ಕಡಿಮೆ ಬೆಲೆಯ ಆವೃತ್ತಿಗಳಲ್ಲಿ ಬೋರ್ಡಿನ ಮೇಲೆ ಎಂ.2 ಗುರುತು ಮಾತ್ರ ಇದ್ದು ಕನೆಕ್ಟರನ್ನೇ ಬೆಸುಗೆ ಹಾಕಿರುವುದಿಲ್ಲ. ವೈಫೈ ಕಾರ್ಡ್ ಕೂತಿರುವ ಪುಟ್ಟ ಸ್ಲಾಟೂ ಎಂ.2 ಜಾತಿಯದೇ, ಆದರೆ ಕಚ್ಚಿನ ಜಾಗ ಬೇರೆ, ಅದು ಎಸ್‌ಎಸ್‌ಡಿಗಲ್ಲ. ಇನ್ನು ಇಎಂಎಂಸಿ ಅಂತ ಬರೆದಿರುವ, ಬೇರೆ ಜಾಗವೇ ಇಲ್ಲದ ಪುಟ್ಟ ಲ್ಯಾಪ್‌ಟಾಪ್‌ಗಳಲ್ಲಿ ಸ್ಟೋರೇಜ್ ಬೋರ್ಡಿಗೇ ಅಂಟಿಕೊಂಡಿರುತ್ತದೆ. ಅದರ ಆಸೆ ಬಿಡಿ.

ರಿಫರ್ಬಿಶ್ಡ್ ಆಗಿ ಬರುವ ಥಿಂಕ್‌ಪ್ಯಾಡ್ ಟಿ480 ಇಲ್ಲಿ ಒಳ್ಳೆಯ ಉದಾಹರಣೆ. ಅದರಲ್ಲಿ 2.5 ಇಂಚಿನ ಜಾಗವಿದೆ. ಅದೇ ಜಾಗಕ್ಕೆ ಬೇರೆ ಟ್ರೇ ಮತ್ತು ಕೇಬಲ್ ಕೊಂಡರೆ ಎನ್‌ವಿಎಂಇ ಹಾಕಬಹುದು, ಆದರೆ ಪಿಸಿಐಇ ದಾರಿ ನಾಲ್ಕರ ಬದಲು ಎರಡೇ ಸಿಗುವುದರಿಂದ 3500ರ ಕಾರ್ಡ್ ಅರ್ಧ ವೇಗಕ್ಕೆ ನಿಲ್ಲುತ್ತದೆ. ಟ್ರೇ, ಕೇಬಲ್ ಖರ್ಚು ಸೇರಿಸಿದರೆ 2.5 ಇಂಚಿನ ಸಾಟಾ ಹಾಕಿ ಸುಮ್ಮನಾಗುವುದೇ ಜಾಣತನ.

ಎಷ್ಟು ಜಿಬಿ? 240 ಕೊಂಡವರು ವರ್ಷದೊಳಗೆ ಜಾಗ ಒರೆಸುತ್ತಾ ಕೂರುತ್ತಾರೆ. 480 ಅಥವಾ 512 ಸರಿಯಾದ ಅಳತೆ. ಗಾತ್ರ ಇಮ್ಮಡಿಯಾದರೂ ಬೆಲೆ ಸಾಮಾನ್ಯವಾಗಿ ಇಮ್ಮಡಿಯಾಗುವುದಿಲ್ಲ. 480 ಕೊಂಡರೆ ವಿಂಡೋಸಿನಲ್ಲಿ 447, 512 ಕೊಂಡರೆ 476 ಕಾಣುತ್ತದೆ. ಕಂಪನಿ ಸಾವಿರದಿಂದ ಗುಣಿಸುತ್ತದೆ, ವಿಂಡೋಸ್ 1024ರಿಂದ ಭಾಗಿಸುತ್ತದೆ; ಅಂಗಡಿಯವನ ಮೋಸ ಅಲ್ಲ.

ಕ್ರೂಷಿಯಲ್ ಬಿಎಕ್ಸ್500, ಕಿಂಗ್‌ಸ್ಟನ್ ಎ400ದಂಥ ಅಗ್ಗದ ಸಾಟಾ ಡ್ರೈವ್‌ಗಳಲ್ಲಿ ಡಿರ‍್ಯಾಮ್ (ಯಾವ ಡೇಟಾ ಎಲ್ಲಿದೆ ಅನ್ನುವ ಲೆಕ್ಕ ಇಡುವ ವೇಗದ ಮೆಮೊರಿ) ಇಲ್ಲ ಅಂತ ಕೆಲವರು ಹೆದರಿಸುತ್ತಾರೆ. ಏಕಕಾಲಕ್ಕೆ ನೂರಾರು ಜಿಬಿ ತುಂಬುವಾಗ ಇವುಗಳ ಉಸಿರು ಕಟ್ಟುವುದು ನಿಜ, ವೇಗ ಹಾರ್ಡ್ ಡಿಸ್ಕಿನ ಮಟ್ಟಕ್ಕೂ ಇಳಿಯಬಹುದು. ದಿನನಿತ್ಯದ ಕೆಲಸದಲ್ಲಿ ಆ ಸಂದರ್ಭ ಬರುವುದು ಅಪರೂಪ. ಬಾಳಿಕೆಯ ಲೆಕ್ಕವನ್ನೂ ಮಾಡಿ: 480 ಜಿಬಿಯ ಬಿಎಕ್ಸ್500ಗೆ ಕಂಪನಿ ಹೇಳುವ ಬರೆಯುವ ಮಿತಿ 120 ಟಿಬಿ. ದಿನಕ್ಕೆ 20 ಜಿಬಿ ಬರೆದರೂ ಆರು ಸಾವಿರ ದಿನ, ಹದಿನಾರು ವರ್ಷ. ಅಷ್ಟರೊಳಗೆ ಲ್ಯಾಪ್‌ಟಾಪಿನ ಹಿಂಜೇ ಮುರಿದಿರುತ್ತದೆ.

ಹೆದರಬೇಕಾದದ್ದು ನಕಲಿಗೆ. 240 ಜಿಬಿಯ ಬೆಲೆಗೆ 2 ಟಿಬಿ ಅಂದರೆ ಒಳಗೆ ಮೆಮೊರಿ ಕಾರ್ಡಿನಂಥದ್ದೇನೋ ಇದ್ದು ಡ್ರೈವಿನೊಳಗಿನ ತಂತ್ರಾಂಶವಾದ ಫರ್ಮ್‌ವೇರ್ ಸುಳ್ಳು ಹೇಳುತ್ತಿರುತ್ತದೆ. ನಿಜವಾದ ಗಾತ್ರ ತುಂಬಿದ ಮೇಲೂ ಕಾಪಿ ಆಗುತ್ತಿರುವಂತೆಯೇ ಕಾಣುತ್ತದೆ, ಫೈಲ್ ತೆರೆದಾಗ ಒಳಗೆ ಏನೂ ಇರುವುದಿಲ್ಲ. ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ತಂತ್ರಾಂಶ ಡ್ರೈವನ್ನು ಪೂರ್ತಿ ತುಂಬಿ ಮತ್ತೆ ಓದಿ ನೋಡುತ್ತದೆ. ಗುಟ್ಟು ಅಲ್ಲಿ ಬಯಲು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೊಳ್ಳಿ, ಆನ್‌ಲೈನಿನಲ್ಲಿ ಕೊಳ್ಳಿ, ಜಿಎಸ್‌ಟಿ ಬಿಲ್ಲಿನ ಮೇಲೆ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಡಬ್ಬವಿಲ್ಲದೆ ಕೊಟ್ಟದ್ದನ್ನು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ತಂತ್ರಾಂಶದಲ್ಲಿ ನೋಡಿದರೆ ಎಷ್ಟು ಗಂಟೆ ಓಡಿದೆ, ಎಷ್ಟು ಜಿಬಿ ಬರೆದಿದೆ ಎಲ್ಲ ಕಾಣುತ್ತದೆ. ಹೊಸದಾದರೆ ಎರಡೂ ಸೊನ್ನೆಯ ಹತ್ತಿರ ಇರಬೇಕು.

ಹಳೇ ಡಿಸ್ಕನ್ನೂ ಅದೇ ತಂತ್ರಾಂಶದಲ್ಲಿ ನೋಡಿಬಿಡಿ. ನೀಲಿ ಬಣ್ಣದಲ್ಲಿ ‘ಗುಡ್’ ಅಂತಿದ್ದರೆ ಕ್ಲೋನ್ (ಇಡೀ ಡಿಸ್ಕನ್ನು ವಿಂಡೋಸ್ ಸಮೇತ ಹೊಸದಕ್ಕೆ ನಕಲು) ಮಾಡಬಹುದು. ಹಳದಿ ಬಂದಿದ್ದರೆ ಕ್ಲೋನ್ ಅರ್ಧದಲ್ಲಿ ಸಿಕ್ಕಿಕೊಳ್ಳುವ ಸಂಭವ ಹೆಚ್ಚು. ಮೊದಲು ಫೋಟೋ, ದಾಖಲೆ, ಟ್ಯಾಲಿ ಡೇಟಾ ಹೊರಗೆ ತೆಗೆದು, ವಿಂಡೋಸನ್ನು ಹೊಸದಾಗಿ ಹಾಕಿ. ಕ್ಲೋನ್‌ಗೆ ಸಾಟಾದಿಂದ ಯುಎಸ್‌ಬಿ 3.0 ಕೇಬಲ್ ಬೇಕು. ಅದನ್ನು ನೀಲಿ ಪೋರ್ಟಿಗೇ ಚುಚ್ಚಿ: 200 ಜಿಬಿಗೆ ಅಲ್ಲಿ ಮುಕ್ಕಾಲು ಗಂಟೆಯ ಆಸುಪಾಸು, ಹಳೇ 2.0 ಪೋರ್ಟಿನಲ್ಲಿ ಒಂದೂವರೆ ಗಂಟೆ ದಾಟುತ್ತದೆ. 1 ಟಿಬಿಯಿಂದ 480ಕ್ಕೆ ಇಳಿಯುವಾಗ ಕ್ಲೋನ್ ಮಾಡುವ ತಂತ್ರಾಂಶ ಕ್ಲೋನ್‌ಜಿಲ್ಲಾ ಸುಲಭಕ್ಕೆ ಒಪ್ಪುವುದಿಲ್ಲ. ಎಸ್‌ಎಸ್‌ಡಿ ಕಂಪನಿಯವರು ತಮ್ಮ ಗಿರಾಕಿಗಳಿಗೆ ಉಚಿತವಾಗಿ ಕೊಡುವ ಅಕ್ರೋನಿಸ್ ಆವೃತ್ತಿ, ತುಂಬಿರುವ ಡೇಟಾ ಹೊಸದರಲ್ಲಿ ಹಿಡಿಸುವಂತಿದ್ದರೆ ತಾನೇ ಕುಗ್ಗಿಸಿ ಹಾಕುತ್ತದೆ. ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ವ್ಯವಸ್ಥೆ) ಆನ್ ಇದೆಯೇ ನೋಡಿ, ಇದ್ದರೆ ಮೊದಲು ಅದನ್ನು ಆಫ್ ಮಾಡಿ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಎಷ್ಟೋ ಯಂತ್ರಗಳಲ್ಲಿ ಅದು ಹೇಳದೆ ಕೇಳದೆ ಆನ್ ಆಗಿರುತ್ತದೆ. ಡಿಸ್ಕ್ ಬದಲಾದ ದಿನ 48 ಅಂಕಿಯ ಕೀ ಕೇಳುತ್ತದೆ.

ಹೊಸದಾಗಿ ಹಾಕುವವರಿಗೆ 8 ಜಿಬಿ ಪೆನ್‌ಡ್ರೈವ್ ಸಾಕು. ಮೊದಲೇ ಆಕ್ಟಿವೇಟ್ ಆಗಿದ್ದ ಲ್ಯಾಪ್‌ಟಾಪಿನ ಡಿಜಿಟಲ್ ಲೈಸೆನ್ಸ್ ಮದರ್‌ಬೋರ್ಡಿಗೆ ಸೇರಿದ್ದು. ಅದೇ ಆವೃತ್ತಿ ಹಾಕಿದರೆ ಕೀ ಕೊಳ್ಳಬೇಕಾಗಿಲ್ಲ. ಆದರೆ ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಇಂಟೆಲ್ ಎಂಟನೇ ತಲೆಮಾರಿಗಿಂತ ಹಳೆಯ ಯಂತ್ರಗಳನ್ನು ವಿಂಡೋಸ್ 11 ಒಪ್ಪುವುದಿಲ್ಲ. ಅಂಥವಕ್ಕೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿ, ಚೆನ್ನಾಗಿ ಓಡುತ್ತದೆ.

ಬಿಚ್ಚುವ ದಿನ ಶಿಫ್ಟ್ ಒತ್ತಿ ಹಿಡಿದು ಶಟ್‌ಡೌನ್ ಕೊಡಿ. ಇಲ್ಲದಿದ್ದರೆ ಫಾಸ್ಟ್ ಸ್ಟಾರ್ಟಪ್ ದೆಸೆಯಿಂದ ಅದು ಪೂರ್ತಿ ಆಫ್ ಆಗುವುದಿಲ್ಲ. ಚಾರ್ಜರ್ ತೆಗೆಯಿರಿ. ಬ್ಯಾಟರಿ ಹೊರಗಿನದಾದರೆ ಕಳಚಿ, ಒಳಗಿನದಾದರೆ ತಳ ತೆಗೆದ ಕೂಡಲೇ ಅದರ ಕನೆಕ್ಟರ್ ಎಬ್ಬಿಸಿ, ಬೇರೆ ಏನನ್ನಾದರೂ ಆಮೇಲೆಯೇ ಮುಟ್ಟಿ. ತಳದ ಸ್ಕ್ರೂಗಳಿಗೆ ಪಿಎಚ್0 ಸ್ಕ್ರೂಡ್ರೈವರ್. ದೊಡ್ಡದು ಹಾಕಿದರೆ ತಲೆ ಸವೆದು ಕೆಲಸ ಅಲ್ಲಿಗೇ ನಿಲ್ಲುತ್ತದೆ. ರಬ್ಬರ್ ಕಾಲುಗಳ ಕೆಳಗೆ ಒಂದೆರಡು, ಡಿವಿಡಿ ಡ್ರೈವ್ ಎಳೆದ ಮೇಲೆ ಅದರ ಗೂಡಿನಲ್ಲಿ ಎರಡು ಮೂರು ಸಣ್ಣವು ಅಡಗಿರುತ್ತವೆ. ತಳ ಏಳುತ್ತಿಲ್ಲ ಅಂದರೆ ಬಲ ಬೇಡ, ಎಲ್ಲೋ ಒಂದು ಸ್ಕ್ರೂ ಉಳಿದಿದೆ. ಕಾಗದದ ಮೇಲೆ ತಳದ ಚಿತ್ರ ಗೀಚಿ, ಸ್ಕ್ರೂಗಳನ್ನು ಆಯಾ ಜಾಗದಲ್ಲೇ ಚುಚ್ಚಿಡಿ: ಹಿಂಜಿನ ಬದಿಯ ಉದ್ದ ಸ್ಕ್ರೂವನ್ನು ಮುಂದಿನ ತೂತಿಗೆ ಹಾಕಿದರೆ ಕೈಯಿಡುವ ಜಾಗದಲ್ಲಿ ಗುಬುಟು ಏಳುತ್ತದೆ. ಅಂಚು ಬಿಡಿಸಲು ಚಾಕು ಬೇಡ, ಅವಧಿ ಮುಗಿದ ಎಟಿಎಂ ಕಾರ್ಡ್ ಸಾಕು.

2.5 ಇಂಚಿನ ಡಿಸ್ಕಿಗೆ ಲೋಹದ ಚೌಕಟ್ಟು ಇರುತ್ತದೆ. ಅದನ್ನು ಬಿಚ್ಚಿ ಹೊಸದಕ್ಕೆ ಹಾಕಬೇಕು. ಕನೆಕ್ಟರಿನ ಮೈ ಹಿಡಿದು ಎಳೆಯಿರಿ, ಪಟ್ಟಿಯಂಥ ತೆಳು ಕೇಬಲನ್ನು ಹಿಡಿದಲ್ಲ. ಎಂ.2 ಆದರೆ ಓರೆಯಾಗಿ, ಸುಮಾರು 30 ಡಿಗ್ರಿ ಕೋನದಲ್ಲಿ ತೂರಿಸಿ, ಒತ್ತಿ ಮಲಗಿಸಿ ಸ್ಕ್ರೂ ಹಾಕಿ. ಆ 2 ಮಿ.ಮೀ.ನ ಪುಟ್ಟ ಸ್ಕ್ರೂ ಎಸ್‌ಎಸ್‌ಡಿಯ ಡಬ್ಬದಲ್ಲಿ ಬಹಳ ಸಲ ಇರುವುದೇ ಇಲ್ಲ, ಕೊಳ್ಳುವಾಗಲೇ ಕೇಳಿ. ಕಾರ್ಡಿನ ಮೇಲಿನ ಸ್ಟಿಕರ್ ಕೀಳಬೇಡಿ, ವಾರಂಟಿ ಅದರ ಮೇಲಿದೆ.

ಆನ್ ಮಾಡಿದಾಗ ಬಯಾಸಿನಲ್ಲಿ ಡ್ರೈವ್ ಕಾಣದಿದ್ದರೆ ಕೇಬಲ್ ಮತ್ತೆ ಕೂರಿಸಿ. ಕಂಡರೂ ಬೂಟ್ ಆಗದಿದ್ದರೆ ಯುಇಎಫ್‌ಐ, ಲೆಗಸಿ ಎಂಬ ಎರಡು ಬೂಟ್ ವಿಧಾನ ಅದಲು ಬದಲಾಗಿರುತ್ತದೆ; ಹಳೇ ಡಿಸ್ಕ್ ಯಾವುದರಲ್ಲಿ ಓಡುತ್ತಿತ್ತೋ ಕ್ಲೋನ್ ಸಹ ಅದರಲ್ಲೇ ಓಡಬೇಕು. ಇಂಟೆಲ್ 11ನೇ ತಲೆಮಾರು ಮತ್ತು ಆಮೇಲಿನ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಹಾಕುವಾಗ ‘ಡ್ರೈವ್ ಸಿಗಲಿಲ್ಲ’ ಅಂದರೆ ಎಸ್‌ಎಸ್‌ಡಿ ಹಿಂದಿರುಗಿಸಲು ಓಡಬೇಡಿ: ಬಯಾಸಿನಲ್ಲಿ ವಿಎಂಡಿ ಎಂಬ ಇಂಟೆಲ್ ಸ್ಟೋರೇಜ್ ಸೆಟ್ಟಿಂಗ್ ಆನ್ ಇರುತ್ತದೆ, ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರನ್ನು ಪೆನ್‌ಡ್ರೈವಿಗೆ ಹಾಕಿ ‘ಲೋಡ್ ಡ್ರೈವರ್’ ಒತ್ತಿದರೆ ಕಾಣುತ್ತದೆ. ಎಲ್ಲ ಸರಿಯಿದ್ದೂ ಹತ್ತು ಟ್ಯಾಬ್ ತೆರೆದಾಗ ತಡವರಿಸುತ್ತಿದ್ದರೆ ತಪ್ಪು 4 ಜಿಬಿ ರ‍್ಯಾಮಿನದು.

ಡಿವಿಡಿ ಗೂಡಿಗೆ ಕ್ಯಾಡಿ (ಡಿಸ್ಕ್ ಕೂರಿಸುವ ಚೌಕಟ್ಟು) ಹಾಕಿ ಎರಡೂ ಡಿಸ್ಕ್ ಇಟ್ಟುಕೊಳ್ಳುವವರು ಎಸ್‌ಎಸ್‌ಡಿಯನ್ನು ಮುಖ್ಯ ಜಾಗಕ್ಕೇ ಹಾಕಿ, ಹಳೆಯದನ್ನು ಕ್ಯಾಡಿಗೆ. ಕೆಲವು ಯಂತ್ರಗಳಲ್ಲಿ ಡಿವಿಡಿಯ ಪೋರ್ಟ್ ನಿಧಾನ. ಕ್ಯಾಡಿ 9.5 ಮತ್ತು 12.7 ಮಿ.ಮೀ. ಎರಡು ದಪ್ಪದಲ್ಲಿ ಬರುತ್ತದೆ, ಡ್ರೈವ್ ಕಳಚಿ ಅಳೆದೇ ತರಿಸಿ. ಕ್ಯಾಡಿ ಬೇಡವಾದರೆ ಹಳೇ ಡಿಸ್ಕನ್ನು ಯುಎಸ್‌ಬಿ ಕೇಸಿಗೆ ಹಾಕಿ ಬ್ಯಾಕಪ್‌ಗೆ ಇಡಿ. ಹದಿನೈದು ದಿನ ಅದರಲ್ಲಿರುವುದನ್ನು ಅಳಿಸಬೇಡಿ. ಯಾವ ಫೋಲ್ಡರ್ ಬಿಟ್ಟುಹೋಗಿದೆ ಅಂತ ಗೊತ್ತಾಗುವುದು ಸಾಮಾನ್ಯವಾಗಿ ಎರಡನೇ ವಾರದಲ್ಲಿ.